ಹತ್ತನೆಯ ಅಕ್ಷರ

ಸೀಮೆಎಣ್ಣೆಯ ವಾಸನೆ, ಅದರಡಿಯಲ್ಲಿ ಬಾವಿಯ ಕೆಸರಿನ ನಾತ, ಮಿನಾಜ ಸೆರಗನ್ನು ಮೂಗಿಗೆ ಒತ್ತಿಕೊಂಡಳು — ಟಿಕೋಟಾ ಠಾಣೆಯ ಬೇವಿನ ನೆರಳಲ್ಲಿ ಮಲಗಿಸಿದ್ದ ಮೋಟರ್‌ಸೈಕಲ್ಲಿಗೆ ಪ್ಲೇಟಿಲ್ಲ, ಬಣ್ಣವಿಲ್ಲ, ಬಬಲೇಶ್ವರದ ದಾರಿಯಲ್ಲಿ ಯಾವುದೋ ಹಾಳುಬಾವಿಯ ಹೂಳೆತ್ತುವಾಗ ಸಿಕ್ಕಿತಂತೆ, ಅದೇ ದಾರಿಯಲ್ಲಿ ಒಣದ್ರಾಕ್ಷಿ ಖರೀದಿಗೆಂದು ಹೋದ ಗಂಡ ಮುನಾಫ ಎರಡು ವರ್ಷವಾದರೂ ಬಂದಿಲ್ಲ, ಅವನ ಗಾಡಿಯೂ ಇಂಥದ್ದೇ. ಮೈದುನ ತೌಸೀಫ, ಜೋರಾಪುರ ಪೇಟೆಯಲ್ಲಿ ಗ್ಯಾರೇಜು ಇಟ್ಟವನು, ಹ್ಯಾಂಡಲಿನ ಕೆಳಗೆ ಸೀಮೆಎಣ್ಣೆ ಹಚ್ಚಿ ತುಕ್ಕು ಉಜ್ಜುತ್ತಿದ್ದಾನೆ, ಪ್ಲೇಟ್ ಕಿತ್ತರೂ ಕಬ್ಬಿಣದಾಗ ಕೆತ್ತಿದ ಚಾಸಿ ನಂಬರ್ ಹೋಗೂದಿಲ್ಲ ಭಾಬಿ, ಎಮ್ ಅಂದ್ರ ನಮ್ಮ ದೇಶದ್ದು, ಮುಂದಿನ ಎರಡು ಕಂಪನೀವು, ನೀವು ಅಣ್ಣನ ಕಾಗದದ ನಂಬರಿಗೆ ಕೂಡತೈತೇನ ನೋಡ್ರಿ — ಅವಳ ಕೈಯ ಮೊಬೈಲಿನಲ್ಲಿ ಮುನಾಫನ ಗಾಡಿಯ ಕಾಗದದ ಫೋಟೊ, ಕೂಡಿತು, ಅದರ ಮುಂದಿನದೂ ಕೂಡಿತು, ಮುನಾಫ ಹೊಸ ಗಾಡಿ ತಂದ ದಿನ ಗಾಂಧಿ ಚೌಕದ ಗದ್ದಲದಲ್ಲಿ ಅವನ ಹಿಂದೆ ಕೂತು ಅವಳು ಕಣ್ಣು ಮುಚ್ಚಿದ್ದಳು, ಅಂಜಬ್ಯಾಡ, ಗಟ್ಟಿ ಹಿಡ್ಕೊ, ಅವನ ಬೆನ್ನು ಬಿಸಿಲಿಗೆ ಬೆಚ್ಚಗಿತ್ತು, ಈಗಲೂ ಅತ್ತೆ ಮಾಶಾಬಿ ಅವನ ಪಾಲಿನ ರೊಟ್ಟಿ ತೆಗೆದಿಡುತ್ತಾಳೆ, ಬರ್ತಾನ ತಗೊ, ಇವತ್ತಲ್ಲ ನಾಳಿಗೆ ಬರ್ತಾನ, ಆ ರೊಟ್ಟಿ ಮರುದಿನ ಆಡಿಗೆ — ಕೂಡಲಿ, ಇದೂ ಕೂಡಿಬಿಡಲಿ, ಒಮ್ಮೆ ಅತ್ತು ಮುಗಿಸಿಬಿಡುತ್ತೇನೆ, ಛೀ, ಏನು ಬೇಡುತ್ತಿದ್ದೇನೆ ನಾನು, ಯಾ ಅಲ್ಲಾ, ಕೂಡದಿರಲಿ. ಹತ್ತನೇ ಅಕ್ಷರ ಗಾಡಿ ತಯಾರಾದ ವರ್ಷದ್ದು ಭಾಬಿ, ಅಣ್ಣಂದು ಯಾವುದೈತಿ? ಎಮ್, ಅಂದಳು. ತೌಸೀಫ ಮತ್ತೆ ಉಜ್ಜಿದ, ಬೆರಳಿನಿಂದ ತಡವಿದ, ಇದು ಎಲ್ ಐತಿ, ಒಂದು ವರ್ಷ ಹಳೇದು, ನಮ್ದಲ್ಲ ಭಾಬಿ, ನಮ್ದಲ್ಲ, ಎಂದವನೇ ನೆಲಕ್ಕೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ನಮ್ಮದಲ್ಲ, ಹಾಗಾದರೆ ಅವನು ಎಲ್ಲೋ ಇದ್ದಾನೆ, ಇಲ್ಲವೇ ಇನ್ನೊಂದು ಬಾವಿಯಲ್ಲಿ, ನಾಳೆಯೂ ರೊಟ್ಟಿ ತೆಗೆದಿಡಬೇಕು, ಹೋಗೋಣವೆಂದು ತಿರುಗಿದಾಗ ಹವಾಲ್ದಾರ ಸತೀಶಕುಮಾರ ಬಕೀಟು ನೀರು ಸುರುವಿದ, ಹಿಂದಿನ ಗಾಲಿಯ ಕೆಸರು ಇಳಿದು ಕಡ್ಡಿಗಳಲ್ಲಿ ಕೆಂಪು ಹಸಿರು ಮಣಿಗಳು ಕಂಡವು, ಯಾವುದೋ ಮಗು ಹಟ ಹಿಡಿದು ಹಾಕಿಸಿದ್ದು, ಮುನಾಫನ ಗಾಡಿಗೆ ಮಣಿಗಳಿರಲಿಲ್ಲ, ಅವರಿಗೆ ಮಕ್ಕಳಿರಲಿಲ್ಲ. ಸಾಹೇಬ್ರ, ಅವಳು ನಿಂತಳು, ಇದನ್ನ ಮೂಲ್ಯಾಗ ಒಗೀಬ್ಯಾಡ್ರಿ, ನಂಬರ್ ಹಚ್ಚಿ ಯಾರದಂತ ಇವತ್ತ ಹುಡುಕ್ರಿ, ಅವ್ರ ಮನ್ಯಾಗೂ ಯಾರರೆ ರೊಟ್ಟಿ — ನೀರಿನ ರಭಸಕ್ಕೆ ಗಾಲಿ ಅರ್ಧ ಸುತ್ತು ತಿರುಗಿತು, ಮಣಿಗಳು ಕಡ್ಡಿಗುಂಟ ಜಾರಿದವು, ಕೆಂಪು, ಹಸಿರು, ಕೆಂಪು