ಗಂಟೆಯಮ್ಮ ಸೊಸೆಯ ಬಸ್ಸು ಹತ್ತಿದ್ದು

ಅರ್ಧ ಆಯುಷ್ಯ ಹಾಸ್ಟೆಲ್ಲಿನ ಅಡುಗೆಮನೆ ಆಳಿದ ಹೆಂಗಸು ಆಕೆ. ಊಟದ ಕೋಣೆಯಲ್ಲಿ ಹುಡುಗಿಯರು ಎಷ್ಟೇ ಗಲಾಟೆ ಎಬ್ಬಿಸಲಿ, ಆಕೆ ಬಾಗಿಲಲ್ಲಿ ನಿಂತು ಒಮ್ಮೆ ‘ಏಯ್’ ಅಂದರೆ ಸಾಕು, ಚಮಚ ಬಿದ್ದರೂ ಕೇಳುವಷ್ಟು ಮೌನ. ಹುಡುಗಿಯರು ಗಂಟೆಯಮ್ಮ ಎಂದು ಹೆಸರಿಟ್ಟಿದ್ದರು. ನಿವೃತ್ತಿಯಾದ ಮೇಲೆ ಮಗ ತಾನಿದ್ದ ಪರದೇಶದ ಪಟ್ಟಣಕ್ಕೆ ಕರೆಸಿಕೊಂಡ. ಬಂದದ್ದೇ ತಡ, ಗಂಟೆಯ ನಾಲಿಗೆಯನ್ನೇ ಯಾರೋ ಬಿಚ್ಚಿಟ್ಟ ಹಾಗಾಯಿತು.

ಲಿಫ್ಟಿನಲ್ಲಿ ಹತ್ತಿದವರು ಒಬ್ಬರ ಮುಖ ಒಬ್ಬರು ನೋಡದೆ ಬಾಗಿಲನ್ನೇ ನೋಡುತ್ತ ನಿಲ್ಲುತ್ತಿದ್ದರು. ಪಕ್ಕದ ಮನೆಯ ಪುಟ್ಟ ಹುಡುಗಿ ಅಜ್ಜನನ್ನು ಹೆಸರು ಹಿಡಿದು ಕೂಗುತ್ತಿದ್ದಳು. ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವುದಕ್ಕೂ ಮನುಷ್ಯರಿರಲಿಲ್ಲ, ಯಂತ್ರವೊಂದು ಕುಂಯ್ ಅನ್ನುತ್ತಿತ್ತು. ಅಲ್ಲಿನ ಭಾಷೆ ಗಂಟೆಯಮ್ಮನಿಗೆ ಕಬ್ಬಿಣದ ಕಡಲೆ. ಇದೆಲ್ಲವನ್ನೂ ಹೇಗೋ ನುಂಗಿಕೊಂಡಾಳು. ಆದರೆ ಮನೆಯೊಳಗಿನದು ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಸೊಸೆ ಬಸ್ ಡ್ರೈವರ್. ಬೆಳಕು ಹರಿಯುವ ಮೊದಲೇ ದಪ್ಪ ಬೂಟು ಹಾಕಿ, ಎದೆಯ ಮೇಲೆ ಬ್ಯಾಡ್ಜ್ ಚುಚ್ಚಿಕೊಂಡು, “ಬರ್ತೀನಿ ಅತ್ತೆ” ಎಂದು ಹೊರಟುಬಿಡುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಮಗನಿಗೆ ಮಧ್ಯಾಹ್ನದ ಪಾಳಿ. ಅವನು ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತ ನಿಂತರೆ ಗಂಟೆಯಮ್ಮನ ಕಣ್ಣಲ್ಲಿ ನೀರು. ಅದು ಈರುಳ್ಳಿಯಿಂದ ಬಂದದ್ದಲ್ಲ.

“ಅಷ್ಟುದ್ದದ ಬಸ್ಸು! ಹೆಣ್ಣು ಹೆಂಗಸು ಹಿಡಿಯೋ ಸ್ಟೇರಿಂಗೇನೋ ಅದು?”

“ಅಮ್ಮಾ, ಸ್ಟೇರಿಂಗ್‌ಗೆ ಹಿಡಿದೋರು ಯಾರು ಅಂತ ಗೊತ್ತಾಗಲ್ಲ. ಒಂದಿನ ಅವಳ ಬಸ್ಸಲ್ಲಿ ಹೋಗಿ ನೋಡು.”

“ನನ್ನ ಜೀವ ನಂಗೆ ಭಾರ ಆದ ದಿನ ಹೋಗ್ತೀನಿ.”

ಜೀವ ಭಾರವಾಗಲಿಲ್ಲ, ಓದುವ ಕನ್ನಡಕ ಮುರಿಯಿತು. ಆಕೆಯೇ ಅದರ ಮೇಲೆ ಕೂತಿದ್ದಳು. ಕನ್ನಡಕದ ಅಂಗಡಿಗೆ ಹೋಗಬೇಕಾದರೆ ಸೊಸೆ ಓಡಿಸುವ ಬಸ್ಸೊಂದೇ ನೇರ ದಾರಿ. ಮಗ ಸ್ಟಾಪಿನವರೆಗೆ ಕೈ ಹಿಡಿದು ತಂದು, ನಗು ತಡೆದುಕೊಂಡು ಹತ್ತಿಸಿದ. ಸೊಸೆ ಕನ್ನಡಿಯಲ್ಲಿ ಅತ್ತೆಯನ್ನು ನೋಡಿ ತಲೆಯಾಡಿಸಿದಳು. ಗಂಟೆಯಮ್ಮ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಸರದಿಯಲ್ಲಿ ನಿಲ್ಲಿಸಿಕೊಂಡು ಕೂತಳು.

ಬಸ್ಸು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ತಿರುವಿನಲ್ಲಿ ಓಲಾಡಲಿಲ್ಲ, ಸ್ಟಾಪಿನಲ್ಲಿ ಮುಗ್ಗರಿಸಲಿಲ್ಲ. ಕೋಲೂರಿದ ಮುದುಕನೊಬ್ಬ ಹತ್ತಿ ಕೂರುವವರೆಗೂ ಸೊಸೆ ಬಸ್ಸು ಬಿಡಲಿಲ್ಲ. ಗಂಟೆಯಮ್ಮನ ಹಿಡಿತ ಸಡಿಲಾಯಿತು. ಆದರೂ ಒಪ್ಪಿಕೊಳ್ಳುವ ಜಾಯಮಾನ ಆಕೆಯದಲ್ಲ. “ರಸ್ತೆ ಚೆನ್ನಾಗಿದೆ, ಅದಕ್ಕೆ” ಎಂದು ತನಗೆ ತಾನೇ ಹೇಳಿಕೊಂಡಳು.

ಎದುರಿನ ಸೀಟಿನಲ್ಲಿ ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಸಂಗೀತದ ಮೇಷ್ಟ್ರಂಥ ಒಬ್ಬರಿದ್ದರು. ಕಿಟಕಿಯಿಂದ ಒಳಗೆ ಬಂದ ಕಣಜದ ಹುಳವೊಂದು ಅವರ ಕುತ್ತಿಗೆಗೆ ಕಚ್ಚಿತು. ಅವರು ಪಟ್ಟನೆ ಹೊಡೆದುಕೊಂಡರು. ಅಯ್ಯೋ ಪಾಪ, ಸ್ವಲ್ಪ ಉರಿಯುತ್ತೆ ಅಷ್ಟೇ ಎಂದುಕೊಂಡಳು ಗಂಟೆಯಮ್ಮ. ಆದರೆ ನೋಡನೋಡುತ್ತಿದ್ದಂತೆ ಮೇಷ್ಟ್ರ ಕುತ್ತಿಗೆಯ ಮೇಲೆ ಕೆಂಪು ದದ್ದುಗಳು ಎದ್ದವು, ತುಟಿ ಊದಿತು, ಉಸಿರು ಗೊರಗೊರ ಅನ್ನತೊಡಗಿತು. ಏಳಲು ಹೋದವರು ಬುಡ ಕಡಿದ ಬಾಳೆಯಂತೆ ಸೀಟುಗಳ ನಡುವೆ ಕುಸಿದರು.

ಬಸ್ಸಿನಲ್ಲಿ ಹುಯಿಲೆದ್ದಿತು. ಸೊಸೆ ಬಸ್ಸನ್ನು ಪಕ್ಕಕ್ಕೆ ತಂದು ಬ್ರೇಕ್ ಎಳೆದು, ದೀಪ ಮಿನುಗಿಸಿ ಓಡಿ ಬಂದಳು. ಮಂಡಿಯೂರಿ ಮೇಷ್ಟ್ರ ಕಿವಿಯ ಹತ್ತಿರ ಏನೋ ಕೇಳಿದಳು. ಅವರ ಬೆರಳು ಪಿಟೀಲಿನ ಪೆಟ್ಟಿಗೆಯ ಕಡೆ ಅಲುಗಾಡಿತು. ಪೆಟ್ಟಿಗೆಯ ಜೇಬಿನಲ್ಲಿ, ಹುಳದ ವಿಷ ಮೈಗೆ ಒಗ್ಗದವರು ಇಟ್ಟುಕೊಳ್ಳುವ, ಪೆನ್ನಿನಂಥ ಒಂದು ಇಂಜೆಕ್ಷನ್ ಇತ್ತು. ಸೊಸೆ ಅದರ ಮುಚ್ಚಳ ಕಿತ್ತು, ಪ್ಯಾಂಟಿನ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದಳು. ಆಮೇಲೆ ರೇಡಿಯೋದಲ್ಲಿ ಮಾತಾಡಿದಳು. ಉತ್ತರ ಕೇಳಿ ಮುಖ ಬಿಗಿಯಾಯಿತು.

“ಸೇತುವೆ ಮೇಲೆ ಲಾರಿ ಮಗುಚಿದೆಯಂತೆ ಅತ್ತೆ. ಆಂಬುಲೆನ್ಸ್ ಆ ಕಡೆ ಸಿಕ್ಕಾಕ್ಕೊಂಡಿದೆ. ಆಸ್ಪತ್ರೆ ಈ ಕಡೆನೇ ಇದೆ, ನಾನೇ ಕರ್ಕೊಂಡು ಹೋಗ್ತೀನಿ. ನೀವು ಇವರ ಕಾಲು ಎತ್ತಿ ಹಿಡ್ಕೊಳ್ಳಿ. ಇಳಿಸ್ಬೇಡಿ. ಏಳೋಕೆ ಹೋದ್ರೆ ಬಿಡ್ಲೇಬೇಡಿ.”

“ನಾನಾ?”

“ನೀವೇ. ಇಲ್ಲಿ ನನ್ನೋರು ಅಂತ ಇನ್ಯಾರಿದಾರೆ?”

ಮದುವೆಯಾದಾಗಿನಿಂದ ಸೊಸೆ ಅತ್ತೆಗೆ ಹೀಗೆ ಆಜ್ಞೆ ಮಾಡಿದ್ದು ಅದೇ ಮೊದಲು. ಅತ್ತೆ ಮರುಮಾತಾಡದೆ ನೆಲದ ಮೇಲೆ ಕೂತು, ಮೇಷ್ಟ್ರ ಎರಡೂ ಕಾಲನ್ನು ಎತ್ತಿ ಹೆಗಲಿಗೆ ಆನಿಸಿಕೊಂಡದ್ದೂ ಅದೇ ಮೊದಲು.

ಬಸ್ಸು ಹೊರಟಿತು. ಜನ ಮೇಷ್ಟ್ರ ಸುತ್ತ ಮುಗಿಬೀಳುತ್ತಿದ್ದರು. ಒಬ್ಬ ಫೋನು ಚಾಚಿ ಚಿತ್ರ ತೆಗೆಯುತ್ತಿದ್ದ. ಇನ್ನೊಬ್ಬಳು ಮೇಷ್ಟ್ರನ್ನು ಎಬ್ಬಿಸಿ ಕೂರಿಸಲು ಕೈ ಹಾಕಿದಳು. ಗಂಟೆಯಮ್ಮನ ಹೊಟ್ಟೆಯೊಳಗಿಂದ ತಿಂಗಳುಗಟ್ಟಲೆ ಕಟ್ಟಿಟ್ಟ ದನಿ ಎದ್ದು ಬಂತು.

“ಏಯ್!”

ಇಡೀ ಬಸ್ಸು ಕಲ್ಲಾಯಿತು.

“ಸರ್ಕೊಳ್ಳಿ ಹಿಂದಕ್ಕೆ! ಗಾಳಿ ಬರಲಿ ಮನುಷ್ಯಂಗೆ! ಏನಮ್ಮಾ, ಕೈ ತೆಗಿ, ಎಬ್ಬಿಸಬಾರದು! ಲೋ ಉದ್ದನೆಯೋನೆ, ಆ ಫೋನು ಜೇಬಿಗಿಟ್ಟು ಕಿಟಕಿ ತೆಗಿ! ನೀನು, ಆ ಕೋಟು ಕೊಡು, ಹೊದಿಸ್ತೀನಿ!”

ಒಬ್ಬರಿಗೂ ಒಂದಕ್ಷರ ತಿಳಿದಿರಲಿಲ್ಲ. ಒಬ್ಬರೂ ತಪ್ಪು ಮಾಡಲಿಲ್ಲ. ಉದ್ದನೆಯವನು ಕಿಟಕಿ ತೆಗೆದ. ಕೋಟು ತಾನಾಗಿ ಬಂತು. ಮೇಷ್ಟ್ರು ಒಮ್ಮೆ ಏಳಲು ಹೆಣಗಿದರು. “ಸುಮ್ನೆ ಮಲಕ್ಕೊಳ್ಳಿ ಮೇಷ್ಟ್ರೇ, ನನ್ನ ಸೊಸೆ ಓಡಿಸ್ತಾ ಇದಾಳೆ. ಏನೂ ಆಗಲ್ಲ” ಎಂದು ಗಂಟೆಯಮ್ಮ ಅವರ ಕಾಲು ತಟ್ಟಿದಳು. ಹೇಳಿದ ಮೇಲೆ ತಾನೇ ಬೆರಗಾದಳು: ಬಾಯಿಮಾತಿಗೆ ಹೇಳಿದ್ದಲ್ಲ, ನಂಬಿ ಹೇಳಿದ್ದಾಗಿತ್ತು.

ಮುಂದೆ ಹಾರ್ನು ಬಿಡುವಿಲ್ಲದೆ ಮೊಳಗುತ್ತಿತ್ತು. ಕಾರುಗಳು ಎಡಕ್ಕೂ ಬಲಕ್ಕೂ ಸರಿದು ದಾರಿ ಬಿಟ್ಟವು. ಆ ಮಹಾ ವಾಹನ ಕೆಂಪು ದೀಪಗಳ ನಡುವೆ ನುಸುಳಿ, ತಿರುವು ತಗೊಂಡು, ತುರ್ತು ಚಿಕಿತ್ಸೆಯ ಬಾಗಿಲಿಗೆ ಮೂಗು ತಾಗಿಸಿದಂತೆ ನಿಂತಿತು. ಗಂಟೆಯಮ್ಮನ ಹೆಗಲ ಮೇಲಿನ ಕಾಲು ಅಲುಗಾಡಲಿಲ್ಲ, ಅಷ್ಟು ನಯವಾಗಿ. ಸ್ಟ್ರೆಚರ್ ಹಿಡಿದ ನರ್ಸುಗಳು ಮೇಷ್ಟ್ರನ್ನು ಒಳಗೆ ಕೊಂಡೊಯ್ದರು.

ಆಮೇಲೆ ಕೆಳಗಿಳಿದು ನೋಡಿದರೆ ಸೊಸೆ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಮುಖ ಸುಣ್ಣದಂತೆ ಬಿಳಿಚಿದೆ, ಹಲ್ಲು ಕಟಕಟ ಅನ್ನುತ್ತಿದೆ, ಕೈ ನಿಲ್ಲುತ್ತಿಲ್ಲ.

“ಏನಾಯ್ತೇ ತಾಯಿ? ನಿಂಗೂ ಕಚ್ತಾ?”

“ಇಲ್ಲ ಅತ್ತೆ... ಈಗ ಭಯ ಆಗ್ತಿದೆ. ಆಗ ಆಗ್ಲಿಲ್ಲ.”

ಗಂಟೆಯಮ್ಮ ತನ್ನ ಶಾಲು ತೆಗೆದು ಅವಳಿಗೆ ಸುತ್ತಿದಳು. ಆಸ್ಪತ್ರೆಯ ಯಂತ್ರದ ಮುಂದೆ ನಿಂತು, ಉದ್ದನೆಯವನಿಂದಲೇ ಗುಂಡಿ ಒತ್ತಿಸಿ, ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ತಂದಳು. ಲೋಟ ಹಿಡಿಯಲಾರದ ಕೈಗೆ ತನ್ನ ಕೈ ಆನಿಸಿ ಕುಡಿಸಿದಳು.

“ನಡುಗು ಮಗಳೇ, ಎಷ್ಟು ಬೇಕೋ ಅಷ್ಟು ನಡುಗು. ಮಾಡೋ ಹೊತ್ತಲ್ಲಿ ನಡುಗದೆ ಮಾಡಿದೀಯಲ್ಲ.”

ಸೊಸೆ ಅತ್ತೆಯ ಹೆಗಲಿಗೆ ತಲೆ ಇಟ್ಟಳು. ಇದುವರೆಗೆ ಇಬ್ಬರಿಗೂ ಅಷ್ಟು ಸಲಿಗೆ ಇರಲಿಲ್ಲ.

ವೈದ್ಯೆ ಹೊರಗೆ ಬಂದು ಹೇಳಿದ್ದನ್ನು ಸೊಸೆ ಬಿಡಿಸಿ ಹೇಳಿದಳು: “ಮೇಷ್ಟ್ರ ದೇಹ ಷಾಕ್‌ಗೆ ಹೋಗಿತ್ತಂತೆ. ಈಗ ರಕ್ತದೊತ್ತಡ ಸರಿಹೋಗ್ತಿದೆ. ಉಳ್ಕೊಂಡ್ರು ಅತ್ತೆ!”

“ಷಾಕಾ? ವೈರು ಎಲ್ಲಿ ಮುಟ್ಟಿದ್ರು?”

ಸೊಸೆ ಅಳುತ್ತಲೇ ನಕ್ಕಳು. “ಅದಲ್ಲ ಅತ್ತೆ. ಒಂದು ಹುಳ ಕಚ್ಚಿದ್ದಕ್ಕೆ ಮೈಯೇ ಗಾಬರಿಬಿದ್ದು, ಮಾಡಬಾರದ್ದೆಲ್ಲ ಮಾಡ್ಕೊಳ್ಳುತ್ತೆ.”

“ಹೌದಾ? ಹಾಗಾದ್ರೆ ಈ ಊರಿಗೆ ಬಂದಾಗ ನಂಗೂ ಅದೇ ಆಗಿದ್ದು” ಎಂದಳು ಗಂಟೆಯಮ್ಮ.

ಮೇಷ್ಟ್ರು ಉಳಿದ ಸುದ್ದಿ ಬಸ್ಸಿಗೆ ಮುಟ್ಟಿದ್ದೇ ತಡ, ಲಿಫ್ಟಿನಲ್ಲಿ ಮುಖ ನೋಡದ ಅದೇ ಊರಿನ ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಚಪ್ಪಾಳೆ ಎಷ್ಟೊತ್ತಾದರೂ ನಿಲ್ಲಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಕೆಲಸಕ್ಕೆ ತಡವಾಗಿದ್ದರು, ಒಬ್ಬರೂ ಗೊಣಗಲಿಲ್ಲ. ಉಳಿದ ದಾರಿಗೆ ಡಿಪೋದಿಂದ ಬೇರೆ ಡ್ರೈವರ್ ಬಂದ. ಪ್ರಯಾಣಿಕರು ಮುಂದಿನ ಜೋಡಿ ಸೀಟು ಬಿಟ್ಟುಕೊಟ್ಟು ಅತ್ತೆ ಸೊಸೆಯರನ್ನು ಅಕ್ಕಪಕ್ಕ ಕೂರಿಸಿದರು. ಸೊಸೆ ತನ್ನದೇ ಬಸ್ಸಿನಲ್ಲಿ ಪ್ರಯಾಣಿಕಳಾಗಿ, ಶಾಲು ಹೊದ್ದು, ರಸ್ತೆಯನ್ನು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತ ಕೂತಳು.

ಮೊದಲ ತಿರುವಿನಲ್ಲೇ ಬಸ್ಸು ಸ್ವಲ್ಪ ಜೋಲಿ ಹೊಡೆಯಿತು. ಗಂಟೆಯಮ್ಮ ಡ್ರೈವರನ ಬೆನ್ನು ತಟ್ಟಿದಳು.

“ನಿಧಾನ ಕಣಪ್ಪಾ! ಒಳಗೆ ಡ್ರೈವರ್ ಕೂತಿದಾರೆ.”