ರಾಕೆಟ್ಟಿಗೆ ಹಾಕಿದ ಹೊಲಿಗೆ

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಹೊಲಿದು ಸಾಕಾಗಿ ರಾಯದುರ್ಗಕ್ಕೆ ವಾಪಸು ಬಂದ ಮಂಜುಳ, ಊರಲ್ಲೂ ಜೀನ್ಸನ್ನೇ ಹೊಲಿಯುತ್ತಿದ್ದಳು. ಅವಳ ತಮ್ಮ ಈಶ್ವರನದು ಟ್ರೈಲರ್ ಬೆಸುಗೆಯ ಶೆಡ್ಡು. ಹುಚ್ಚು ಮಾತ್ರ ರಾಕೆಟ್ಟಿನದು. ದೀಪಾವಳಿಯ ರಾಕೆಟ್ಟಲ್ಲ ಮತ್ತೆ. ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ತುದಿ ಎಟುಕದಂಥದ್ದು. ಅದನ್ನು ಮಲಗಿಸಿ ಒಯ್ಯಲು, ಬಯಲಲ್ಲಿ ಎತ್ತಿ ನಿಲ್ಲಿಸಲು, ಉದ್ದನೆಯ ಕಬ್ಬಿಣದ ಹಳಿಯಿದ್ದ ಟ್ರೈಲರನ್ನೂ ಅವನೇ ಮಾಡಿದ್ದ. ಮದ್ದು, ಅನುಮತಿ ಎಲ್ಲ ಬೆಂಗಳೂರಿನ ರಾಕೆಟ್ ಕ್ಲಬ್ಬಿನವರ ಜವಾಬ್ದಾರಿ.

"ಮೇಲಕ್ಕ ಕಳ್ಸೋದು ನಂದು, ಕೆಳಗ ಇಳ್ಸೋದು ನಿಂದು ಅಕ್ಕ," ಎಂದು ಪ್ಯಾರಾಚೂಟಿನ ಬಟ್ಟೆಯನ್ನು ಅವಳ ಮಡಿಲಿಗೆ ಹಾಕಿದ್ದ.

ಅವಳು ಹೊಲಿದ ಪ್ಯಾಂಟುಗಳನ್ನು ಯಾರು ಯಾರೋ ಎಲ್ಲೆಲ್ಲೋ ಹಾಕಿಕೊಂಡು ತಿರುಗುತ್ತಿದ್ದರು. ಇದೊಂದು ಮಾತ್ರ ಅವಳ ಕಣ್ಣೆದುರಿಗೇ ಆಕಾಶದಲ್ಲಿ ಅರಳುವ ಹೊಲಿಗೆ. ಅದನ್ನು ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಚಕ್ರದಡಿ ನಿಂಬೆಹಣ್ಣಿಟ್ಟು, ಬಾಡಿಗೆ ಗಾಡಿಯ ಹಿಂದೆ ಟ್ರೈಲರ್ ಕಟ್ಟಿಕೊಂಡು ಹೊರಟರು. ದಾರಿಯುದ್ದಕ್ಕೂ ಜನ ಕೇಳಿದ್ದೇ ಕೇಳಿದ್ದು, ಬೋರಿನ ಪೈಪೇನ್ರಿ, ಗುಡಿಯ ಧ್ವಜಸ್ತಂಭವೇನ್ರಿ ಅಂತ. ಧ್ವಜಸ್ತಂಭ ಅಂದುಕೊಂಡವರು ಕೈಮುಗಿದೂ ಹೋದರು.

ಮಡಕಶಿರಾ ದಾಟಿ ಟೀಗೆ ನಿಂತಾಗ ಈಶ್ವರ ಚಕ್ರಕ್ಕೆ ಗಾಳಿ ಹಾಕಿಸಲು ಆಳನ್ನು ಹುಡುಕಿ ಹೋದ. ಮಂಜುಳ ರಾಕೆಟ್ಟಿನ ಸುತ್ತ ಒಂದು ಸುತ್ತು ಬಂದಳು. ಯಾವುದು ಕಂಡರೂ ತಿರುವಿ ನೋಡುವುದು ಗಾರ್ಮೆಂಟ್ಸ್ ಕಲಿಸಿದ ಚಾಳಿ. ರಾಕೆಟ್ಟಿನ ತಲೆಯೂ ಮೈಯೂ ಕೂಡುವಲ್ಲಿ ಸಣ್ಣ ಪ್ಲಾಸ್ಟಿಕ್ ಮೊಳೆಗಳಿದ್ದವು. ಕುಲುಕಾಟಕ್ಕೆ ಎರಡು ಮುರಿದು ಬಿದ್ದು, ಬಟನ್ನಿನ ಕಣ್ಣುಗಳ ಹಾಗೆ ಅಕ್ಕಪಕ್ಕದಲ್ಲೇ ಎರಡು ತೂತು ಉಳಿದಿದ್ದವು. ಬಟನ್ ಕಿತ್ತ ಬಟ್ಟೆಯನ್ನು ಹಾಗೇ ಮುಂದಕ್ಕೆ ತಳ್ಳಿದ ಕೈಯಲ್ಲ ಅದು. ಚೀಲದಿಂದ ಬಾಗಿದ ದಬ್ಬಳ ತೆಗೆದು, ಜೀನ್ಸಿನ ಹಳದಿ ದಾರವನ್ನು ಹಲವು ಎಳೆ ಮಾಡಿ, ಒಂದು ತೂತಿನಲ್ಲಿ ಇಳಿಸಿ ಇನ್ನೊಂದರಲ್ಲಿ ಎಬ್ಬಿಸಿ ಬಿಗಿದಳು. ರಾಕೆಟ್ಟಿನ ಬಣ್ಣವೂ ಹಳದಿಯೇ. ಹೊಲಿಗೆ ಕಾಣಲೇ ಇಲ್ಲ.

ಎಲ್ಲ ಸರಿ ಇದೆಯಾ ಎಂದು ಬಂದ ತಮ್ಮನಿಗೆ, "ನಾ ನೋಡೀನಿ, ನೀ ನಡಿ," ಅಂದಳು.

ರಾಕೆಟ್ಟು ಹಾರಿಸಲು ಗೊತ್ತು ಮಾಡಿದ್ದ ಜಾಗ ಅಗಳಿಯ ಹತ್ತಿರ, ಕುರಿ ಸಾಕುವ ಜುಂಜಪ್ಪನ ಬೀಳುಹೊಲ. ಕ್ಲಬ್ಬಿನವರು ಆಗಲೇ ಬಂದಿದ್ದರು. ಜುಂಜಪ್ಪ ಕುರಿಗಳನ್ನು ದೂರದ ಬದುವಿಗೆ ಅಟ್ಟಿ ಬಂದು, ರಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿದ. "ನಮ್ಮ ಹೋತ ಇದಕ್ಕಿಂತ ಮೇಲಕ್ಕೆ ನೆಗೀತದೆ ಕಣಪ್ಪ," ಅಂದ.

ಹಳಿ ಎದ್ದು ನಿಂತಿತು. ಎಲ್ಲರೂ ದೂರ ಸರಿದ ಮೇಲೆ ಈಶ್ವರ ಗುಂಡಿ ಒತ್ತಿದ. ನೆಲ ಗುಡುಗಿತು, ಎದೆಗೂಡು ಅದುರಿತು, ರಾಕೆಟ್ಟು ಕಣ್ಣಿಗೆ ಸಿಗದೆ ಹೋಯಿತು. ಜುಂಜಪ್ಪನ ಬಾಯಿಂದ ಬೀಡಿ ಉದುರಿತು.

ಆಕಾಶದಿಂದ ಕಣ್ಣು ಕೀಳದೆ ಈಶ್ವರ ಅವನಿಗೆ ವಿವರಿಸುತ್ತಿದ್ದ: "ಈಗ ನೋಡ್ರಿ. ತುದಿಗೆ ಹೋದ ಕೂಡ್ಲೆ ಒಳಗ ಸಣ್ಣ ಮದ್ದು ಸಿಡಿತೈತಿ. ಪ್ಲಾಸ್ಟಿಕ್ ಮೊಳಿ ಮುರಿದು ತಲಿ ಬಿಚ್ಚಿಕೊಂತೈತಿ, ನಮ್ಮಕ್ಕನ ಪ್ಯಾರಾಚೂಟ್ ಹೊರಗ ಬರತೈತಿ. ಮುರೀಲಿ ಅಂತಾನ ಹಾಕೀನಿ ಅವನ್ನ."

ಮಂಜುಳ ಅವನ ತೋಳು ಹಿಡಿದೆಳೆದಳು.

"ಮುರೀಲಿ ಅಂತಾನ?" ಎಂದಳು. "ನಾ ಹೊಲಿದುಬಿಟ್ಟೀನಿ ಈಶ್ವರ."

ಅವನು ತಿರುಗಿ ನೋಡಿದ. ಮೇಲೆ ಒಂದು ಚೂರು ಹೊಗೆ ಕಂಡಿತು, ಬಟ್ಟೆ ಕಾಣಲಿಲ್ಲ. ಆಮೇಲೆ ಸುಂಯ್ ಎಂಬ ಸದ್ದು. ಜುಂಜಪ್ಪ ಕುರಿಗಳ ಕಡೆ ಒಂದು ಹೆಜ್ಜೆ ಇಟ್ಟವನು ಅಲ್ಲೇ ಕಲ್ಲಾದ. ಬದುವಿನ ಈಚೆ ಧೂಳು ಮರದೆತ್ತರ ಎದ್ದಿತು.

ಕುರಿಗಳು ಚದುರಿ ಓಡಿದವು. ಒಂದಕ್ಕೂ ಏನೂ ಆಗಿರಲಿಲ್ಲ. ರಾಕೆಟ್ಟು ಸೊಂಟದ ತನಕ ನೆಲದಲ್ಲಿ ಹೂತಿತ್ತು. ಎಲ್ಲರೂ ಸೇರಿ ಅಗೆದರು. ಮೈಯೆಲ್ಲ ಸೀಳಿಹೋಗಿತ್ತು, ರೆಕ್ಕೆಗಳು ಕಿತ್ತುಹೋಗಿದ್ದವು. ಈಶ್ವರ ರಾಕೆಟ್ಟಿನ ಕತ್ತಿನ ಮಣ್ಣು ಒರೆಸಿ ದಾರವನ್ನು ಬೆರಳಲ್ಲಿ ಮೀಟಿದ. ಮಂಜುಳ ಬೈಗುಳಕ್ಕೆ ಕಾದಳು.

"ಎಲ್ಲಾ ಮುರೀತು ಅಕ್ಕ. ಇದೊಂದು ಬಿಟ್ಟು."

ಕೊರಳಲ್ಲಿ ಸದಾ ನೇತಾಡುವ ದಾರದ ಕತ್ತರಿಯಿಂದ ಅವಳೇ ಹೊಲಿಗೆ ಕತ್ತರಿಸಿದಳು. ಒಳಗೆ ಪ್ಯಾರಾಚೂಟು ಅವಳು ಮಡಚಿಟ್ಟ ಹಾಗೇ ಇತ್ತು. ಬಿಡಿಸಿದಳೋ ಇಲ್ಲವೋ, ಬಯಲಿನ ಗಾಳಿ ಅದರೊಳಗೆ ನುಗ್ಗಿತು. ಬಟ್ಟೆ ಮನೆಯಷ್ಟಗಲ ಉಬ್ಬಿ ಅವಳನ್ನು ದರದರ ಎಳೆದುಕೊಂಡು ಹೊರಟಿತು.

"ಬಿಡಮ್ಮ ಕೈ ಬಿಡು, ಎಳ್ಕಂಡು ಹೋಗ್ತದೆ," ಎಂದು ಜುಂಜಪ್ಪ ಹಿಂದೆ ಓಡಿದ.

ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಅವಳು ಕೈ ಬಿಡಲಿಲ್ಲ.