ಮೂರು ಮನೆಯ ನೇಜಿ

ಸುಮ್ಮನೆ ಕೂರುವುದು ವಾರಿಜಕ್ಕನ ಜಾತಕದಲ್ಲೇ ಇರಲಿಲ್ಲ. ಆ ಒಂದು ಗುಣದಿಂದಲೇ ಎಪ್ಪತ್ತನಾಲ್ಕರ ನೆರೆಪರಿಹಾರ ಅವಳ ಕೈತಪ್ಪಿ ಹೋಗುವುದರಲ್ಲಿತ್ತು.

ಆ ವರ್ಷದ ಆಟಿ ತಿಂಗಳ ಮಳೆಗೆ ಉಪ್ಪಿನಂಗಡಿಯ ಹೊಳೆ ಉಕ್ಕಿ ಗದ್ದೆಗಳ ಮೇಲೆ ಮೂರು ದಿನ ಝಂಡಾ ಹೂಡಿತು. ನೀರು ಇಳಿದಾಗ ಅವಳು ನೆಟ್ಟಿದ್ದ ಕಯಮೆ ಭತ್ತದ ಒಂದು ಬುಡವೂ ಉಳಿದಿರಲಿಲ್ಲ. ಹಟ್ಟಿಯ ಜೋಡಿ ಎತ್ತುಗಳಲ್ಲಿ ಒಂದನ್ನೂ ಹೊಳೆ ಒಯ್ದಿತ್ತು. ಒಂಟಿ ಎತ್ತು ಕಟ್ಟಿಕೊಂಡು ಸುಗ್ಗಿಗೆ, ಅಂದರೆ ಎರಡನೇ ಬೆಳೆಗೆ, ಉಳುವುದು ಹೇಗೆ? ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ಮಾಡುತ್ತಿದ್ದ ಅವಳಿಗೆ ಆ ಜೋಡಿ ಕೂಡಿಸಲು ಸರಕಾರದ ಪರಿಹಾರ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

"ಶಾನುಭೋಗರು ಬಂದು ನೋಡುವವರೆಗೆ ಗದ್ದೆಗೆ ಕೈ ಹಾಕ್ಬೇಡಿ ವಾರಿಜಕ್ಕ. ನಾನಂತೂ ಹಾಗೇ ಬಿಡುದು" ಎಂದ ಪಕ್ಕದ ಗದ್ದೆಯ ಶೀನಪ್ಪ.

"ಗದ್ದೆ ನೆಡದೆ ಹಡೀಲು ಬಿಟ್ಟು ಮತ್ತೆ ಉಣ್ಣುದು ಎಂತ, ಅವರ ಕಾಗದವಾ?" ಎಂದವಳೇ ಬುಟ್ಟಿ ಹಿಡಿದು ಹೊರಟಳು.

ನೆರೆ ಮುಟ್ಟದ ಎತ್ತರದ ಗದ್ದೆಗಳಲ್ಲಿ ನಾಟಿ ಮುಗಿದು ಒಂದಿಷ್ಟು ನೇಜಿ, ಅಂದರೆ ಭತ್ತದ ಸಸಿ, ಮಿಕ್ಕಿತ್ತು. ಮಿಕ್ಕ ನೇಜಿಗೆ ಆ ಕಡೆ ಯಾರೂ ದುಡ್ಡು ಕೇಳುವುದಿಲ್ಲ. ಮೊಯ್ದೀನ್ ಕೊಟ್ಟ, ಕಿಟ್ಟಣ್ಣ ಕೊಟ್ಟ, ಸಫಿಯಮ್ಮ ತಾನೇ ಹೊತ್ತು ತಂದು ಹಾಕಿದಳು. ವಾರಿಜಕ್ಕ ಕೆಸರನ್ನು ಹಾರೆಯಲ್ಲೇ ಮಗುಚಿ ಅಷ್ಟನ್ನೂ ನೆಟ್ಟಳು.

ತಿಂಗಳು ಕಳೆದು ಶಾನುಭೋಗರು ಬಂದರು. ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದವರು. ಶೀನಪ್ಪನ ಮರಳು ತುಂಬಿದ್ದ ಗದ್ದೆಗೆ ಕೂಡಲೇ ಪರಿಹಾರ ಬರೆದರು. ವಾರಿಜಕ್ಕನ ಹಸಿರು ಕಂಡು ಅವರ ಪೆನ್ನು ನಿಂತಿತು.

"ಪೈರು ಇಷ್ಟು ಚೆನ್ನಾಗಿದೆಯಲ್ಲಮ್ಮ, ನಷ್ಟ ಎಲ್ಲಿ?" ಎಂದು ಕೇಳಿ 'ನಷ್ಟವಿಲ್ಲ' ಎಂದು ಬರೆದೇಬಿಟ್ಟರು.

ವಾರಿಜಕ್ಕನಿಗೆ ಎತ್ತು ಎರಡನೇ ಸಲ ಹೊಳೆಪಾಲಾದಂತೆ ಅನಿಸಿತು. ಗದ್ದೆಯಂಚಿನ ಕಂಟದ ಮೇಲೆ ಬರುತ್ತಿದ್ದ ಮೊಯ್ದೀನ್‌ಗೆ ಎಲ್ಲ ಕೇಳಿಸಿತ್ತು.

"ಒಮ್ಮೆ ನಿಲ್ಲಿ ಶಾನುಭೋಗರೇ. ಈ ಮೂಲೆಯ ಬುಡ ಕೆಂಪು ಉಂಟಲ್ಲ, ಅದು ನನ್ನ ಗದ್ದೆಯದ್ದು. ಮಧ್ಯದ ಗಿಡ್ಡ ಪೈರು ಕಿಟ್ಟಣ್ಣನದ್ದು. ಆಚೆಯ ಉದ್ದದ್ದು ಸಫಿಯಮ್ಮನದ್ದು. ಒಂದು ಗದ್ದೆಗೆ ಮೂರು ಜಾತಿ ಯಾರಾದ್ರೂ ಬಿತ್ತುದುಂಟಾ? ಇವರು ನೆಟ್ಟದ್ದು ಕಯಮೆ. ಅದರ ಒಂದು ಬುಡ ಇದರಲ್ಲಿ ತೋರಿಸಿ ನೋಡುವ."

ಶಾನುಭೋಗರು ಪ್ಯಾಂಟು ಮಡಚಿ ಕೆಸರಿಗೆ ಇಳಿದರು. ಮೂರೂ ಕಡೆ ಬಗ್ಗಿ ನೋಡಿದರು. ಮೇಲೆ ಬಂದು, ಬರೆದದ್ದನ್ನು ಹೊಡೆದುಹಾಕಿ, 'ಮೊದಲ ನಾಟಿ ಪೂರ್ತಿ ನಾಶ, ಬೇಡಿ ತಂದ ಸಸಿಯಿಂದ ಮರುನಾಟಿ' ಎಂದು ಬರೆದರು.

"ತಪ್ಪಾಯಿತಮ್ಮ. ನಮ್ಮ ಕಡೆ ರಾಗಿ ಹೊಲ, ನನಗೆ ಇದು ಗೊತ್ತಾಗಲಿಲ್ಲ" ಎಂದರು. ಸರಕಾರದವರ ಬಾಯಲ್ಲಿ ಆ ಮಾತು ಕೇಳಿ ವಾರಿಜಕ್ಕನ ಕಣ್ಣಲ್ಲಿ ನೀರೇ ಬಂತು.

ಪರಿಹಾರ ಬಂತು. ಸುಗ್ಗಿ ಬೆಳೆಯ ಹೊತ್ತಿಗೆ ಹಟ್ಟಿಯಲ್ಲಿ ಎತ್ತು ಜೋಡಿಯಾಯಿತು. ಆ ಶಾನುಭೋಗರಿಗೆ ಒಳ್ಳೆಯದಾಗಲಿ ಎಂದು ಅವಳು ದಿನಾ ದೀಪ ಹಚ್ಚುವಾಗ ಹೇಳುತ್ತಿದ್ದಳು.

ಮರುವರ್ಷ ಮಳೆ ಹಿಡಿಯುವ ಮೊದಲು ಅವಳು ಮನೆಯ ಹಿಂದಿನ ಎತ್ತರದ ಜಾಗದಲ್ಲಿ ನಾಲ್ಕು ಮಡಿ ನೇಜಿ ಹಾಕಿದಳು. ಅವಳ ಗದ್ದೆಗೆ ಒಂದೇ ಧಾರಾಳ ಸಾಕಿತ್ತು. ಶೀನಪ್ಪನಿಗೆ ನಗು ಬಂತು.

"ಇಷ್ಟೆಲ್ಲ ಎಂತಕ್ಕೆ ವಾರಿಜಕ್ಕ?"

"ಈ ಸಲ ಹೊಳೆ ಯಾರಲ್ಲಿಗೆ ಬರ್ತದೆ ಅಂತ ನಿಮ್ಮ ಹತ್ರ ಹೇಳಿದೆಯಾ? ಮೂರು ಮಡಿ ಆ ಮೂರು ಮನೆಗೆ, ಅವರವರ ಬೀಜದ್ದೇ."

"ಮತ್ತೆ ನಾಲ್ಕನೆಯದ್ದು ನಿಮಗೆ."

"ನನಗೆ ಯಾರಾದ್ರೂ ಕೊಡ್ತಾರೆ. ಅದು ನಿಮಗೆ."

ಶೀನಪ್ಪನ ನಗು ಅಲ್ಲಿಗೇ ನಿಂತಿತು. ಅವನು ಮಡಿಗೆ ಬೇಲಿ ಕಟ್ಟಲು ಮುಳ್ಳು ತರುತ್ತೇನೆಂದು ಹೊರಟ.